ಎದೆಯಲ್ಲಿ ಗಂಟು ಕಂಡರೆ: ಸೂಜಿ ಪರೀಕ್ಷೆ, ಬಯಾಪ್ಸಿ ಬಗ್ಗೆ ನಾವು ತಿಳಿದಿರಬೇಕಾದ್ದು



ಹಸುವಿಗೆ ಜೋರು ಜ್ವರ. ಮೇವು ಬಿಟ್ಟಿದೆ, ಹಾಲು ಅರ್ಧಕ್ಕೆ ಇಳಿದಿದೆ, ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಊದಿದೆ. ಇಂಥ ಹಸುವನ್ನು ನೋಡಲು ಬಂದ ಪಶುವೈದ್ಯರು ಆ ಗಂಟಿಗೆ ಸೂಜಿ ಚುಚ್ಚಿ, ಬಂದ ಒಂದೆರಡು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಸವರಿ ಪ್ರಯೋಗಾಲಯಕ್ಕೆ ಕಳಿಸುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಉಣ್ಣೆ ಕಚ್ಚಿ ಬರುವ ಥೈಲೇರಿಯಾ ರೋಗವಾಗಿದ್ದರೆ ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣಗಳ ಒಳಗೆ ನೀಲಿ ಚುಕ್ಕೆಗಳು ಕಾಣುತ್ತವೆ. ಕಂಡರೆ ಅದಕ್ಕೆಂದೇ ಇರುವ ಇಂಜೆಕ್ಷನ್ ಕೊಡುತ್ತೇವೆ. ಕಾಣದಿದ್ದರೆ ಬೇರೆ ಕಾರಣ ಹುಡುಕುತ್ತೇವೆ.

ಆ ಸೂಜಿಯನ್ನು ಯಾವ ಮನೆಯಲ್ಲೂ ಬೇಡ ಎಂದದ್ದು ನನಗೆ ನೆನಪಿಲ್ಲ. ಸಾಲ ಮಾಡಿ ತಂದ ಹಸು, ಬೇಗ ನೋಡಿ ಎಂದೇ ಎಲ್ಲರೂ ಅವಸರ ಮಾಡುತ್ತಾರೆ. ಅದೇ ಮನೆಯಲ್ಲಿ ಹಾಲು ಕರೆಯುವ ಹೆಂಗಸಿನ ಎದೆಯಲ್ಲಿ ಗಂಟು ಕಂಡಾಗ ಮಾತ್ರ ಅವಸರ ಇರುವುದಿಲ್ಲ. ಹಬ್ಬ ಕಳೆಯಲಿ, ರಾಗಿ ಕೊಯ್ಲು ಮುಗಿಯಲಿ, ಹಸು ಕರು ಹಾಕಲಿ ಎಂದು ತಿಂಗಳುಗಳು ಉರುಳುತ್ತವೆ.

ನಾನು ಹೆಂಗಸರ ಡಾಕ್ಟರಲ್ಲ, ದನದ ಡಾಕ್ಟರು. ಆದರೂ ಈ ವಿಷಯ ಬರೆಯಲು ಕೂತಿರುವುದಕ್ಕೆ ಕಾರಣ ಇದೆ. ಬೆಂಗಳೂರು ಪೂರ್ವ ತಾಲ್ಲೂಕಿನ ಹಳ್ಳಿಗಳಲ್ಲಿ ಕೊಟ್ಟಿಗೆಯ ಕೆಲಸ ಮುಗಿಸಿ ಕೈ ತೊಳೆಯುವಾಗ, ಗಂಡಸರು ಆಚೆ ಹೋದ ಮೇಲೆ, ಅಕ್ಕಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಒಬ್ಬರಂತೂ ನೇರವಾಗಿ, "ಮೇಡಮ್ನೋರೇ, ಹಸಕ್ಕೆ ಹಾಕ್ದಂಗೆ ನಂಗೂ ಒಂದು ಸೂಜಿ ಹಾಕಿ ನೋಡ್ಬುಡಿ. ದೊಡ್ಡಾಸ್ಪತ್ರೆಗೆ ಹೋದ್ರೆ ಇಡೀ ದಿನ ಹೋಯ್ತದೆ" ಎಂದರು. ನಗು ಬಂತು, ಆದರೆ ಅವರು ನಗಲಿಲ್ಲ. ನಾನು ಹಾಗೆ ಮಾಡುವಂತಿಲ್ಲ ಎಂದು ಹೇಳಿ, ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ ಎಂದು ಕೊಟ್ಟಿಗೆಯ ಜಗಲಿಯಲ್ಲೇ ಕೂತು ವಿವರಿಸಿದೆ. ಅವರ ಕಥೆ ಮುಂದೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಎಂದಿದ್ದಾರೆ.

ಕೆಚ್ಚಲಿನ ಅನುಭವ ಇಲ್ಲಿ ನಡೆಯುವುದಿಲ್ಲ

ನಿಮ್ಮ ಕೈಗೆ ಗಂಟು ಹೊಸದಲ್ಲ. ದಿನಕ್ಕೆ ಎರಡು ಹೊತ್ತು ಕೆಚ್ಚಲು ಮುಟ್ಟುವವರು ನೀವು. ಒಂದು ಭಾಗ ಗಟ್ಟಿಯಾದರೆ, ಬಿಸಿಯಾದರೆ, ಹಾಲಿನಲ್ಲಿ ಗೆಡ್ಡೆ ಕಂಡರೆ ನಮಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ವಿಧಾನ ನಮ್ಮ ತರಬೇತಿಗಳಲ್ಲೇ ಹೇಳಿಕೊಟ್ಟದ್ದು, ನಿಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠ.

ಕಷ್ಟ ಇರುವುದು ಇಲ್ಲೇ. ಹಸುವಿನ ಕೆಚ್ಚಲಿನ ಗಂಟು ಸಾಮಾನ್ಯವಾಗಿ ಸೋಂಕಿನದು, ಅಥವಾ ಹಳೆಯ ಬಾವು ವಾಸಿಯಾದ ಮೇಲೆ ಉಳಿದ ಗಡಸು. ಹಸುವಿಗೆ ಕೆಚ್ಚಲು ಕ್ಯಾನ್ಸರ್ ಬರುವುದು ತೀರಾ ಅಪರೂಪ. ನನ್ನ ಕೆಲಸದಲ್ಲಿ ಇದುವರೆಗೆ ಒಂದನ್ನೂ ಕಂಡಿಲ್ಲ. ಆದ್ದರಿಂದ "ಗಂಟು ಎಂದರೆ ಬಾವು, ಬಾವು ಎಂದರೆ ಹಚ್ಚಿದರೆ ಇಳಿಯುತ್ತದೆ" ಎಂಬ ಲೆಕ್ಕ ಕೊಟ್ಟಿಗೆಯಲ್ಲಿ ಬಹುಪಾಲು ಸರಿಹೋಗುತ್ತದೆ. ಹೆಂಗಸರ ಎದೆಗೆ ಆ ಲೆಕ್ಕ ಹೊಂದುವುದಿಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನ ಕ್ಯಾನ್ಸರೇ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾ ಬಂದಿದೆ. ಆ ಪಟ್ಟಿಯಲ್ಲೂ ಹೆಂಗಸರ ಪೈಕಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ಪಶ್ಚಿಮ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸುಮಾರು ಹತ್ತು ವರ್ಷ ಮುಂಚೆಯೇ, ನಲವತ್ತು-ಐವತ್ತರ ಆಸುಪಾಸಿನಲ್ಲೇ ಅದು ಬರುತ್ತಿದೆ.

ನೋವಿನ ವಿಷಯದಲ್ಲೂ ಹೀಗೇ. ಕೆಚ್ಚಲು ಬಾವು ಬಂದ ಹಸು ಮುಟ್ಟಲು ಬಿಡದೆ ಒದೆಯುತ್ತದೆ. ಸ್ತನ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ಮೊದಮೊದಲು ನೋಯುವುದೇ ಇಲ್ಲ. "ನೋವಿಲ್ಲ ಬಿಡಿ, ಏನೂ ಆಗಿಲ್ಲ" ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು.

ಹಾಗೆಂದು ಹೆದರಿ ಕೂರಬೇಡಿ. ಎದೆಯಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹದಿನೆಂಟು-ಇಪ್ಪತ್ತೈದರ ಹೆಣ್ಣುಮಕ್ಕಳಲ್ಲಿ ಗೋಲಿಯಂತೆ ಬೆರಳಿಗೆ ಸಿಕ್ಕಿ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೊಅಡಿನೋಮ. ಅದು ಕ್ಯಾನ್ಸರ್ ಅಲ್ಲ. ಮೂವತ್ತೈದರಿಂದ ಐವತ್ತರೊಳಗೆ ನೀರು ತುಂಬಿದ ಗುಳ್ಳೆಗಳು, ಅಂದರೆ ಸಿಸ್ಟ್‌ಗಳು ಬರಬಹುದು. ಹಾಲೂಡಿಸುವ ತಾಯಿಗೆ ಹಾಲು ಕಟ್ಟಿ ಗಂಟಾಗಬಹುದು, ಕೀವಾಗಬಹುದು. ನಮ್ಮ ದೇಶದಲ್ಲಿ ಕ್ಷಯರೋಗ ಕೂಡ ಅಪರೂಪಕ್ಕೆ ಎದೆಯಲ್ಲಿ ಗಂಟಾಗಿ ಕಾಣುತ್ತದೆ. ನೋಡಲು, ಮುಟ್ಟಲು ಕ್ಯಾನ್ಸರಿನಂತೆಯೇ ಇರುವ ಆ ಗಂಟು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಇವುಗಳಲ್ಲಿ ಯಾವುದು ಯಾವುದೆಂದು ಕೈಯಿಂದ ಒತ್ತಿ ನೋಡಿ ಖಚಿತವಾಗಿ ಹೇಳಲು ಇಪ್ಪತ್ತು ವರ್ಷ ಅನುಭವದ ಸರ್ಜನ್‌ಗೂ ಆಗುವುದಿಲ್ಲ. ಅತ್ತೆಗೋ ನೆರೆಮನೆಯವರಿಗೋ ನಾಟಿ ಔಷಧಿಯವರಿಗೋ ಆಗುವ ಮಾತೇ ಇಲ್ಲ. ಗಂಟಿನೊಳಗಿನ ಜೀವಕೋಶ ಅಥವಾ ಮಾಂಸದ ಚೂರು ಸೂಕ್ಷ್ಮದರ್ಶಕದ ಕೆಳಗೆ ಬಂದ ಮೇಲೆಯೇ ಅದರ ಹೆಸರು ಗೊತ್ತಾಗುವುದು.

ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ

ವೈದ್ಯರು ಮೂರು ಕೆಲಸ ಮಾಡುತ್ತಾರೆ. ಮೊದಲು ಕೈಯಿಂದ ಎರಡೂ ಸ್ತನ, ಎರಡೂ ಕಂಕುಳು ಪರೀಕ್ಷಿಸುತ್ತಾರೆ. ಆಮೇಲೆ ಸ್ಕ್ಯಾನ್. ನಲವತ್ತರೊಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಜೊತೆಗೆ ಮ್ಯಾಮೊಗ್ರಾಂ ಎಂಬ ಎಕ್ಸ್‌ರೇ. ಮೂರನೆಯದು ಸೂಜಿ. ಸ್ಕ್ಯಾನ್ ಮೊದಲು, ಸೂಜಿ ಆಮೇಲೆ ಎಂಬ ಕ್ರಮಕ್ಕೆ ಅರ್ಥವಿದೆ: ಸೂಜಿ ಚುಚ್ಚಿದಾಗ ಒಳಗೆ ಸ್ವಲ್ಪ ರಕ್ತ ಕಟ್ಟಿಕೊಂಡರೆ ಸ್ಕ್ಯಾನಿನ ಚಿತ್ರ ಗೊಂದಲವಾಗುತ್ತದೆ.

ಸೂಜಿಯಲ್ಲಿ ಎರಡು ಬಗೆ. ಸಣ್ಣ ಸೂಜಿಯದಕ್ಕೆ ಎಫ್‌ಎನ್‌ಎಸಿ ಎನ್ನುತ್ತಾರೆ. ಚೀಟಿಯಲ್ಲಿ ಹಾಗೇ ಬರೆದಿರುತ್ತಾರೆ. ಮಲಗಿಸಿ, ಸ್ಪಿರಿಟ್‌ನಿಂದ ಒರೆಸಿ, ಗಂಟನ್ನು ಎರಡು ಬೆರಳಿನ ನಡುವೆ ಹಿಡಿದು ಸೂಜಿ ಇಳಿಸಿ, ಹಿಂದೆ ಮುಂದೆ ನಾಲ್ಕಾರು ಸಲ ಆಡಿಸಿ ಹೊರತೆಗೆಯುತ್ತಾರೆ. ಒಂದು ಸಲಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ಸಲ ಮಾಡುತ್ತಾರೆ. ಈ ಸೂಜಿ 22ರಿಂದ 25 ಗೇಜಿನದು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣ. ನಾವು ಹಸುವಿಗೆ ಇಂಜೆಕ್ಷನ್ ಕೊಡುವ ಸೂಜಿ 16 ಅಥವಾ 18 ಗೇಜ್, ಅಂದರೆ ಇದರ ದಪ್ಪ ಅದರ ಅರ್ಧದಷ್ಟು. ರಕ್ತ ಪರೀಕ್ಷೆಗೆ ಚುಚ್ಚಿಸಿಕೊಂಡಷ್ಟೇ ನೋವು. ಮರಗಟ್ಟಿಸುವ ಇಂಜೆಕ್ಷನ್ ಸಹ ಹೆಚ್ಚಾಗಿ ಬೇಕಾಗುವುದಿಲ್ಲ.

ಗಂಟು ನೀರಿನ ಗುಳ್ಳೆಯಾಗಿದ್ದರೆ ಸೂಜಿ ಹಾಕಿದ ಕೂಡಲೇ ನೀರು ಸಿರಿಂಜಿಗೆ ಬಂದು, ಗಂಟು ಅಲ್ಲೇ ಕರಗಿ ಹೋಗುತ್ತದೆ. ಆ ಹೊತ್ತಿಗೆ ಹೆಂಗಸರ ಮುಖ ನೋಡಬೇಕು ಎಂದು ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಗೆಳತಿ ಹೇಳುತ್ತಾಳೆ. ನೀರಿನಲ್ಲಿ ರಕ್ತ ಬೆರೆತಿದ್ದರೆ, ಇಲ್ಲವೇ ಗುಳ್ಳೆ ಮತ್ತೆ ಮತ್ತೆ ತುಂಬಿಕೊಂಡರೆ ಮಾತ್ರ ಮುಂದಿನ ಪರೀಕ್ಷೆ.

ಗಂಟು ಗಟ್ಟಿಯಾಗಿದ್ದರೆ ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಸ್ಲೈಡ್ ಮೇಲೆ ಸವರಿ, ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ, ಕೆಲವನ್ನು ಗಾಳಿಗೆ ಒಣಗಿಸಿ, ಬಣ್ಣ ಹಾಕಿ ನೋಡುತ್ತಾರೆ. ನಮ್ಮ ಥೈಲೇರಿಯಾ ಸ್ಲೈಡಿನ ಕೆಲಸವೂ ಇದೇ ಜಾತಿಯದು. ಸಹಜ ಕೋಶಗಳು ಒಂದೇ ಅಳತೆಯಲ್ಲಿ, ಜೇನುಗೂಡಿನ ಕಣ್ಣುಗಳಂತೆ ಅಚ್ಚುಕಟ್ಟಾಗಿ ಅಂಟಿಕೊಂಡಿರುತ್ತವೆ. ಕ್ಯಾನ್ಸರ್ ಕೋಶಗಳು ಚೆಲ್ಲಾಪಿಲ್ಲಿ, ಒಂದು ದೊಡ್ಡದು ಒಂದು ಚಿಕ್ಕದು, ನಡುವಿನ ಬೀಜ ದಪ್ಪ, ಕಡುಬಣ್ಣ. ವರದಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬರುತ್ತದೆ.

ಈ ವಿಧಾನ ನಿನ್ನೆ ಮೊನ್ನೆಯದಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಎಂಬುವರು ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಬಗ್ಗೆ 1930ರಲ್ಲೇ ಬರೆದಿದ್ದರು. ಖರ್ಚು ಕಡಿಮೆ, ಬೇಗ ಆಗುತ್ತದೆ ಎಂಬ ಕಾರಣಕ್ಕೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಚೆನ್ನಾಗಿ ನೆಲೆಯೂರಿದೆ.

ಇನ್ನೊಂದು ದಪ್ಪ ಸೂಜಿ. ಇದಕ್ಕೆ ಕೋರ್ ಬಯಾಪ್ಸಿ, ಟ್ರೂಕಟ್ ಬಯಾಪ್ಸಿ ಎಂದೆಲ್ಲ ಹೇಳುತ್ತಾರೆ. ಸಾಮಾನ್ಯವಾಗಿ 14 ಗೇಜಿನದು, ಸುಮಾರು ಎರಡು ಮಿಲಿಮೀಟರ್ ದಪ್ಪ. ಹಸುವಿನ ಸೂಜಿಗಿಂತಲೂ ದಪ್ಪ ಎಂದು ಮುಚ್ಚಿಡದೆ ಹೇಳಿಬಿಡುತ್ತೇನೆ. ಆದರೆ ಮೊದಲೇ ಚರ್ಮ ಮರಗಟ್ಟಿಸಿರುತ್ತಾರೆ. ಆ ಮೊದಲ ಇಂಜೆಕ್ಷನ್ ಚುರುಕೆನ್ನುತ್ತದೆ, ಆಮೇಲೆ ಒತ್ತಿದಂತೆ ಅನ್ನಿಸುತ್ತದೆ ಅಷ್ಟೆ. ಸ್ಪ್ರಿಂಗ್ ಇರುವ ಉಪಕರಣ, ಟಪ್ಪೆಂದು ಸದ್ದಾಗುತ್ತದೆ. ಆ ಸದ್ದಿಗೇ ಬೆಚ್ಚುವವರು ಹೆಚ್ಚು. ಮೊದಲೇ ಒಂದು ಸಲ ಸದ್ದು ಕೇಳಿಸಿ ಎಂದು ನೀವೇ ಕೇಳಬಹುದು. ಶ್ಯಾವಿಗೆ ಎಳೆಯಂಥ, ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ನಾಲ್ಕಾರು ಮಾಂಸದ ಎಳೆಗಳನ್ನು ತೆಗೆದು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಹಾಲಿಗೆ ಬೆರೆಸಿದರೆ ಕಲಬೆರಕೆ ಎಂದು ನಾವು ತಿರಸ್ಕರಿಸುತ್ತೇವಲ್ಲ, ಅದೇ ಫಾರ್ಮಲಿನ್. ಹಾಲಿನಲ್ಲಿ ಅದು ವಿಷ, ಮಾಂಸದ ಚೂರು ಕೊಳೆಯದಂತೆ ಕಾಯುವುದಕ್ಕೆ ಅದೇ ಬೇಕು.

ಆ ಎಳೆಯನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗೆ, ಒಂದು ಮಿಲಿಮೀಟರನ್ನು ಇನ್ನೂರೈವತ್ತು ಭಾಗ ಮಾಡಿದಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ. ವರದಿ ಬರಲು ಒಂದು ವಾರದವರೆಗೂ ಆಗಬಹುದು. ತಡವಾಯಿತೆಂದರೆ ಏನೋ ಕೆಟ್ಟದ್ದಿದೆ ಎಂದು ಅರ್ಥವಲ್ಲ.

ಸಣ್ಣ ಸೂಜಿ ಇರುವಾಗ ದಪ್ಪ ಸೂಜಿ ಯಾಕೆ? ಸಣ್ಣ ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು. ಅವು ಕೆಟ್ಟವೋ ಒಳ್ಳೆಯವೋ ಎಂದು ಹೇಳಬಹುದು. ಕೆಟ್ಟವಾಗಿದ್ದರೆ ಅವು ಹಾಲಿನ ನಾಳದೊಳಗೇ ಇವೆಯೋ, ನಾಳ ಒಡೆದು ಸುತ್ತಲಿನ ಮಾಂಸಕ್ಕೆ ನುಗ್ಗಿವೆಯೋ ಎಂದು ಬಿಡಿ ಕೋಶ ನೋಡಿ ಹೇಳಲಾಗದು. ಅದಕ್ಕೆ ಅಂಗಾಂಶವೇ ಬೇಕು. ಕ್ಯಾನ್ಸರ್ ಎಂದು ಗೊತ್ತಾದರೆ ಅದೇ ಚೂರಿನ ಮೇಲೆ ಇಆರ್, ಪಿಆರ್, ಹರ್-2 ಎಂಬ ಮೂರು ಪರೀಕ್ಷೆ ಮಾಡುತ್ತಾರೆ. ಮಾತ್ರೆಗೆ ಬಗ್ಗುವ ಕ್ಯಾನ್ಸರೋ, ವಿಶೇಷ ಇಂಜೆಕ್ಷನ್‌ಗೆ ಬಗ್ಗುವುದೋ, ಎರಡಕ್ಕೂ ಅಲ್ಲವೋ ಎಂದು ಅದರಿಂದ ತಿಳಿಯುತ್ತದೆ. ಕೆಚ್ಚಲು ಬಾವಿಗೆ ಯಾವ ಔಷಧಿ ನಾಟುತ್ತದೆ ಎಂದು ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡುವುದಿಲ್ಲವೇ, ಹಾಗೆ. ಈ ಮೂರು ಪರೀಕ್ಷೆಯ ಫಲಿತಾಂಶ ಬರುವ ಮುನ್ನ ಚಿಕಿತ್ಸೆಯ ಪೂರ್ತಿ ಚಿತ್ರ ಸಿಗುವುದಿಲ್ಲ.

ವರದಿ ಓದುವುದು

ಈಗ ಆ ಅಕ್ಕನ ಕಥೆ. ವಯಸ್ಸು ಐವತ್ತರ ಹತ್ತಿರ, ಮನೆಯಲ್ಲಿ ಮೂರು ಕರೆಯುವ ಹಸು. ಗಂಟು ಕಂಡು ಆಗಲೇ ಐದಾರು ತಿಂಗಳಾಗಿತ್ತು. ನಾವೇ ಹೇಳಿಕೊಟ್ಟ ಲೋಳೆಸರ, ಅರಿಶಿನ, ಸುಣ್ಣವನ್ನು ತಮ್ಮ ಎದೆಗೂ ಹಚ್ಚಿಕೊಂಡಿದ್ದರು. ಸುಣ್ಣಕ್ಕೆ ಚರ್ಮ ಸುಟ್ಟು ಕಪ್ಪಾಗಿತ್ತು. ಅಂತೂ ಆಸ್ಪತ್ರೆಗೆ ಹೋದರು. ಸ್ಕ್ಯಾನ್ ಆಯಿತು, ಸಣ್ಣ ಸೂಜಿಯೂ ಆಯಿತು. ವರದಿಯ ಕೊನೆಯ ಸಾಲಿನಲ್ಲಿ ಕ್ಯಾನ್ಸರ್ ಕೋಶಗಳು ಕಂಡಿಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಅಳಿಯ ಓದಿ ಹೇಳಿದ, ಮನೆಯವರೆಲ್ಲ ಖುಷಿಪಟ್ಟರು, ದೇವರಿಗೆ ಹಣ್ಣುಕಾಯಿಯೂ ಆಯಿತು. ನನಗೆ ವರದಿ ತೋರಿಸಿದ್ದು ಸಿಹಿ ಕೊಡಲು ಬಂದಾಗ.

ಆ ಕೊನೆಯ ಸಾಲಿಗಿಂತ ಮೇಲೆ ಇನ್ನೊಂದು ಪದವಿತ್ತು: ಇನ್‌ಅಡಿಕ್ವೇಟ್. ಸಾಕಷ್ಟು ಮಾದರಿ ಸಿಕ್ಕಿಲ್ಲ ಎಂದು ಅದರ ಅರ್ಥ. ಸ್ಲೈಡಿನಲ್ಲಿ ರಕ್ತ ಮತ್ತು ಸ್ವಲ್ಪ ಕೊಬ್ಬು ಬಿಟ್ಟರೆ ನೋಡಲು ಕೋಶಗಳೇ ಇರಲಿಲ್ಲ. ಕೋಶಗಳೇ ಇಲ್ಲದ ಮೇಲೆ ಕ್ಯಾನ್ಸರ್ ಕೋಶ ಹೇಗೆ ಕಾಣುತ್ತದೆ? ಡೇರಿಯಲ್ಲಿ ಕ್ಯಾನ್ ಕಲಕದೆ ಮೇಲಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಒಂದು ಬರುತ್ತದೆ, ಚೆನ್ನಾಗಿ ಕಲಕಿ ತೆಗೆದರೆ ಇನ್ನೊಂದು ಬರುತ್ತದೆ. ತಪ್ಪು ಹಾಲಿನದಲ್ಲ, ಸ್ಯಾಂಪಲ್‌ನದು. ಸ್ಯಾಂಪಲ್ ಬಾಟಲಿಯೇ ಖಾಲಿ ಬಂದರೆ ಯಂತ್ರ ಏನು ತಾನೇ ಹೇಳೀತು! ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು, ಗಂಟು ಬಹಳ ಗಡಸಾಗಿದ್ದು ಕೋಶ ಬಿಟ್ಟುಕೊಡದೇ ಇರಬಹುದು.

ವರದಿಯಲ್ಲಿ ಬರುವ ಪದಗಳು ಸಾಮಾನ್ಯವಾಗಿ ಐದು. ಪಕ್ಕದಲ್ಲಿ ಸಿ1ರಿಂದ ಸಿ5ರವರೆಗೆ ಸಂಖ್ಯೆಯೂ ಇರಬಹುದು. ಇನ್‌ಅಡಿಕ್ವೇಟ್ ಅಂದರೆ ಮಾದರಿ ಸಾಲದು, ಮತ್ತೆ ಮಾಡಿಸಬೇಕು. ಬಿನೈನ್ ಅಂದರೆ ಕ್ಯಾನ್ಸರ್ ಅಲ್ಲದ್ದು. ಎಟಿಪಿಕಲ್ ಅಂದರೆ ಕೋಶಗಳು ಸ್ವಲ್ಪ ಬೇರೆ ಥರ ಇವೆ, ಸಸ್ಪಿಷಿಯಸ್ ಅಂದರೆ ಕ್ಯಾನ್ಸರ್ ಅನುಮಾನ ಬಲವಾಗಿದೆ. ಇವೆರಡಕ್ಕೂ ಸಾಮಾನ್ಯವಾಗಿ ದಪ್ಪ ಸೂಜಿ ಬೇಕಾಗುತ್ತದೆ. ಕೊನೆಯದು ಮ್ಯಾಲಿಗ್ನೆಂಟ್, ಅಂದರೆ ಕ್ಯಾನ್ಸರ್.

ಬಿನೈನ್ ಎಂದು ಬಂದರೂ ಒಂದು ಪ್ರಶ್ನೆ ಉಳಿದಿರುತ್ತದೆ: ಕೈ ಪರೀಕ್ಷೆ, ಸ್ಕ್ಯಾನ್, ಸೂಜಿ ಮೂರೂ ಒಂದೇ ಮಾತು ಹೇಳುತ್ತಿವೆಯೇ? ಮೂರೂ ಹೊಂದಿಕೆಯಾದರೆ ನೆಮ್ಮದಿಯಿಂದ ಮಲಗಿ. ಸೂಜಿ ಏನೂ ಇಲ್ಲ ಎಂದು, ಸ್ಕ್ಯಾನ್ ಅನುಮಾನ ಎಂದರೆ ಅಲ್ಲಿಗೆ ಬಿಡುವಂತಿಲ್ಲ. "ಡಾಕ್ಟ್ರೇ, ಮೂರೂ ಹೊಂದಿಕೆ ಆಗ್ತಾವಾ?" ಎಂದು ಕೇಳಿ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಈ ಪ್ರಶ್ನೆಯನ್ನು ಇಟ್ಟುಕೊಳ್ಳಿ.

ಆ ಅಕ್ಕನ ಸ್ಕ್ಯಾನಿನಲ್ಲಿ ಅನುಮಾನ ಎಂದೇ ಬರೆದಿತ್ತು. ಸರ್ಜನ್ ಮತ್ತೆ ಬರಲು ಹೇಳಿದ್ದರು, ಖುಷಿಯಲ್ಲಿ ಆ ಚೀಟಿಯನ್ನು ಯಾರೂ ನೋಡಿರಲಿಲ್ಲ. ಮರುವಾರ ಅಲ್ಟ್ರಾಸೌಂಡ್ ನೋಡಿಕೊಂಡೇ ದಪ್ಪ ಸೂಜಿ ಹಾಕಿದರು. ಕ್ಯಾನ್ಸರ್ ಎಂದು ಬಂತು. ಕಂಕುಳಿಗೆ ಹರಡಲು ಶುರುವಾಗಿತ್ತು, ಬೇರೆ ಅಂಗಗಳಿಗೆ ಹೋಗಿರಲಿಲ್ಲ. ಈಗ ಕೀಮೋ ಮುಗಿದು, ಆಪರೇಷನ್ ಆಗಿ, ದಿನಾ ಮಾತ್ರೆ ನುಂಗುತ್ತಿದ್ದಾರೆ. ಮೂರು ಹಸುವಿನಲ್ಲಿ ಒಂದನ್ನು ಮಾರಿದರು. ಉಳಿದ ಎರಡರ ಹಾಲು ಈಗಲೂ ಸಂಘಕ್ಕೆ ಬರುತ್ತಿದೆ. ಮೊದಲ ತಿಂಗಳೇ ಹೋಗಿದ್ದರೆ ಚಿಕಿತ್ಸೆ ಇಷ್ಟು ದೊಡ್ಡದಾಗುತ್ತಿರಲಿಲ್ಲವೇನೋ ಎಂದು ಅವರೇ ಹೇಳುತ್ತಾರೆ. ಅವರ ಮಾತಿಗೆ ನಾನು ಬೇರೇನೂ ಸೇರಿಸುವುದಿಲ್ಲ.

ಸೂಜಿ ತಾಗಿದರೆ ಹರಡುತ್ತದೆಯೇ?

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. "ಪಕ್ಕದೂರಲ್ಲಿ ಒಬ್ರಿಗೆ ಸೂಜಿ ಹಾಕಿದ ಮೇಲೇ ಜಾಸ್ತಿ ಆಯ್ತು" ಎನ್ನುತ್ತಾರೆ. ಅವರಿಗೆ ಸೂಜಿ ಹಾಕಿದ್ದು ಗಂಟು ಆಗಲೇ ಮುಂದುವರಿದಿದ್ದ ಹೊತ್ತಿನಲ್ಲಿ. ಸೂಜಿ ಹಾಕದಿದ್ದರೂ ಅದು ಬೆಳೆಯುತ್ತಿತ್ತು. ಸೂಜಿ ಹೋದ ದಾರಿಯಲ್ಲಿ ಒಂದೆರಡು ಕೋಶ ಸರಿದಿರಬಹುದು ಎಂಬುದನ್ನು ವೈದ್ಯರೇ ಅಧ್ಯಯನ ಮಾಡಿದ್ದಾರೆ. ಆದರೆ ಪರೀಕ್ಷೆ ಮಾಡಿಸಿಕೊಂಡದ್ದರಿಂದ ಆಯುಸ್ಸು ಕಡಿಮೆಯಾದದ್ದು ಕಂಡುಬಂದಿಲ್ಲ. ಆಮೇಲಿನ ಆಪರೇಷನ್, ರೇಡಿಯೇಷನ್ ಆ ಜಾಗವನ್ನೂ ನೋಡಿಕೊಳ್ಳುತ್ತವೆ. ಪರೀಕ್ಷೆ ಮಾಡಿಸದೆ ಕಳೆದ ತಿಂಗಳುಗಳಿಂದ ಆಗುವ ನಷ್ಟವಂತೂ ಕಣ್ಣಿಗೆ ಕಾಣುವಂಥದು: ನಮ್ಮ ದೇಶದಲ್ಲಿ ಅರ್ಧದಷ್ಟು ಹೆಂಗಸರು ರೋಗ ಮುಂದುವರಿದ ಮೇಲೆಯೇ ಆಸ್ಪತ್ರೆಗೆ ಬರುತ್ತಿದ್ದಾರೆ.

ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ಸೂಜಿ ಪರೀಕ್ಷೆ ಇಲ್ಲದೆ "ಸಣ್ಣ ಗಂಟು, ಕೂಯ್ದು ತೆಗೆದುಬಿಡೋಣ" ಎಂದು ನೇರವಾಗಿ ಆಪರೇಷನ್ ಮಾಡಿಸಿಕೊಳ್ಳುವುದು. ತೆಗೆದದ್ದು ಕ್ಯಾನ್ಸರ್ ಆಗಿದ್ದರೆ ಅಂಚು ಬಿಟ್ಟು ತೆಗೆದಿರುವುದಿಲ್ಲ, ಎರಡನೇ ಆಪರೇಷನ್ ಕಷ್ಟವಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸದೇ ಇರುವುದು. ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಹೀಗೆ ಗಂಟು ತೆಗೆಸಿಕೊಂಡ ಮಹಿಳೆಯೊಬ್ಬರು ನನಗೆ ಗೊತ್ತು. ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದಾಗ, ಮೊದಲ ಗಂಟು ಏನಾಗಿತ್ತು ಎಂದು ಹೇಳಲು ಒಂದು ಕಾಗದವೂ ಇರಲಿಲ್ಲ. ದೇಹದಿಂದ ತೆಗೆದ ಯಾವುದೇ ಗಂಟು ಪ್ರಯೋಗಾಲಯಕ್ಕೆ ಹೋಗಲೇಬೇಕು. ಕೇಳಿ, ವರದಿ ಇಸಿದುಕೊಂಡು ಹಾಲಿನ ಪಾಸ್‌ಬುಕ್ ಇಡುವ ಡಬ್ಬದಲ್ಲೇ ಭದ್ರವಾಗಿಡಿ. ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಬೇಕಾದರೆ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಬಹುದು.

ನಮ್ಮ ಕಡೆ ಎಲ್ಲಿಗೆ ಹೋಗುವುದು

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಇಲ್ಲವೇ ನಮ್ಮ ಕ್ಲಿನಿಕ್. ಮೂವತ್ತು ದಾಟಿದ ಹೆಂಗಸರ ಸ್ತನ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಕೆ.ಆರ್. ಪುರದ ಸುತ್ತಿನವರು ಅಲ್ಲಿನ ಸಾರ್ವಜನಿಕ ಆಸ್ಪತ್ರೆಗೆ, ಇಂದಿರಾನಗರ, ಹಲಸೂರು ಕಡೆ ಹಸು ಕಟ್ಟಿರುವವರು ಸರ್ ಸಿ.ವಿ. ರಾಮನ್ ಆಸ್ಪತ್ರೆಗೆ ಹೋಗಿ ಸರ್ಜನ್‌ಗೆ ತೋರಿಸಬಹುದು. ಶಿವಾಜಿನಗರ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಈಗ ವೈದ್ಯಕೀಯ ಕಾಲೇಜೂ ಸೇರಿರುವುದರಿಂದ ರೋಗಶಾಸ್ತ್ರ ವಿಭಾಗ ಅಲ್ಲೇ ಇದೆ.

ಈ ಬೌರಿಂಗ್ ಬಗ್ಗೆ ಒಂದು ಮಾತು. ದಂಡಿನ ಕಾಲದಲ್ಲಿ, 1860ರ ದಶಕದಲ್ಲಿ ಶುರುವಾದ ಆಸ್ಪತ್ರೆ. ಹೆಂಗಸರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆ ಸೇರಿಕೊಂಡದ್ದು ಆಮೇಲೆ. ಅದೇ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಹೆಸರಿನ ಘೋಷಾ ಆಸ್ಪತ್ರೆಯೂ ಇದೆ. ಘೋಷಾ ಎಂದರೆ ಪರದೆ. ಗಂಡು ವೈದ್ಯರ ಮುಂದೆ ಬಾರದ ಹೆಂಗಸರಿಗೂ ಆಸ್ಪತ್ರೆ ಬೇಕು ಎಂದು ನೂರು ವರ್ಷದ ಹಿಂದೆಯೇ ಈ ಊರಿನವರಿಗೆ ಅನ್ನಿಸಿತ್ತು. ನಮ್ಮ ನಾಚಿಕೆಗೆ ಅಷ್ಟು ಹಿಂದೆಯೇ ದಾರಿ ಮಾಡಿಟ್ಟಿದ್ದಾರೆ. ಇವತ್ತೂ ಲೇಡಿ ಡಾಕ್ಟರ್ ಬೇಕು ಎಂದು ಕೇಳಬಹುದು. ಗಂಡು ವೈದ್ಯರೇ ನೋಡುವುದಾದರೆ ಒಬ್ಬ ನರ್ಸ್ ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಕ್ಯಾನ್ಸರ್ ಎಂದು ಬಂದರೆ, ಅಥವಾ ಅನುಮಾನ ಬಲವಾಗಿದ್ದರೆ, ಕಿದ್ವಾಯಿ. 1973ರಲ್ಲಿ ಆರಂಭವಾದ ಈ ಸಂಸ್ಥೆಯ ಜಾಗ ನಿಮಗೆ ಹೇಳಿಕೊಡಬೇಕಾಗಿಲ್ಲ. ಡೇರಿ ಸರ್ಕಲ್ ಬಳಿ, ಬೆಂಗಳೂರು ಡೇರಿ ಇರುವ ಡಾ. ಎಂ.ಎಚ್. ಮರೀಗೌಡ ರಸ್ತೆಯಲ್ಲೇ ಇದೆ. ತರಬೇತಿಗೋ ಸಭೆಗೋ ಡೇರಿಗೆ ಬಂದವರೆಲ್ಲ ಆ ಗೇಟು ನೋಡಿದ್ದೀರಿ.

ಹೋ‌ಗುವಾಗ ಆಧಾರ್, ಪಡಿತರ ಚೀಟಿ, ಹಳೆಯ ಸ್ಕ್ಯಾನ್, ವರದಿ ಎಲ್ಲವೂ ಕೈಯಲ್ಲಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕಂಡು, ಶಿಫಾರಸು ಪತ್ರ ಎಲ್ಲಿಂದ ತರಬೇಕು ಎಂದು ಕೇಳಿಕೊಳ್ಳಿ. ಸಹಕಾರ ಸಂಘದ ಸದಸ್ಯರಾದ ನಮಗೆ ಯಶಸ್ವಿನಿಯೂ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜಾರಿಗೆ ಬಂದ ಯೋಜನೆ. ಅದರ ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಕಾಯಿಲೆ ಬಂದ ಮೇಲೆ ಓಡಿದರೆ ಆಗದು. ಕಾರ್ಯದರ್ಶಿಯನ್ನು ಈ ವಾರವೇ ಕೇಳಿ.

ಸೂಜಿ ಹಾಕುವ ಮುನ್ನ ವೈದ್ಯರಿಗೆ ಹೇಳಬೇಕಾದ್ದು: ಹೃದಯಕ್ಕೆ ಅಥವಾ ಪಾರ್ಶ್ವವಾಯುವಿಗೆ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಅದು, ಬಸುರಿಯಾಗಿದ್ದರೆ ಅದು, ಮಗುವಿಗೆ ಹಾಲೂಡಿಸುತ್ತಿದ್ದರೆ ಅದು. ಹಾಲೂಡಿಸುವವರಿಗೂ ಸೂಜಿ ಪರೀಕ್ಷೆ ಮಾಡಬಹುದು. ಹಾಲು ಕಟ್ಟಿದ ಗಂಟು ಎರಡು ವಾರದಲ್ಲಿ ಕರಗದಿದ್ದರೆ ಕಾಯಬೇಡಿ. ಗಂಟಿಲ್ಲದಿದ್ದರೂ ಮೊಲೆತೊಟ್ಟು ಹೊಸದಾಗಿ ಒಳಸೇರಿದರೆ, ರಕ್ತ ಜಿನುಗಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ತೊಟ್ಟಿನ ಹುಣ್ಣು ಮಾಯದಿದ್ದರೆ, ಕಂಕುಳಲ್ಲಿ ಗಂಟು ಕಂಡರೆ ಇದೇ ದಾರಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಆವತ್ತು ಹಾಲು ಕರೆಯೋರು ಯಾರು? ಬೆಳಗಿನ ಹಾಲು ಡೇರಿಗೆ ಹಾಕಿಯೇ ಹೊರಡಬಹುದು. ಸಣ್ಣ ಸೂಜಿ ಮಾತ್ರ ಆಗಿದ್ದರೆ ಸಂಜೆ ಬಂದು ನೀವೇ ಕರೆಯಬಹುದು, ಸ್ವಲ್ಪ ಕಂದಿರುತ್ತದೆ ಅಷ್ಟೆ. ದಪ್ಪ ಸೂಜಿಯಾಗಿದ್ದರೆ ಆ ಸಂಜೆ ಮತ್ತು ಮರುದಿನ ಕರೆಯುವುದು, ಹುಲ್ಲಿನ ಹೊರೆ, ಕ್ಯಾನು, ನೀರಿನ ಬಿಂದಿಗೆ ಬೇಡ. ಪಟ್ಟಿಯನ್ನು ಒದ್ದೆ ಮಾಡದೆ ವೈದ್ಯರು ಹೇಳಿದಷ್ಟು ಹೊತ್ತು ಹಾಗೇ ಬಿಡಿ. ಸಗಣಿ ಬಾಚುವ ಕೆಲಸವನ್ನೂ ಎರಡು ದಿನ ಬೇರೆಯವರಿಗೆ ಬಿಡಿ. ಗಾಯ ಕೆಂಪಾಗಿ ಬಿಸಿಯಾದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಅದೇ ಆಸ್ಪತ್ರೆಗೆ ಹೋಗಿ. ಒಂದು ಮಹಿಳಾ ಸಂಘದಲ್ಲಿ ಸದಸ್ಯರೇ ಮಾತಾಡಿಕೊಂಡು ಒಂದು ಏರ್ಪಾಡು ಮಾಡಿಕೊಂಡಿದ್ದಾರೆ: ಯಾರಾದರೂ ಆಸ್ಪತ್ರೆಗೆ ಹೋಗುವ ದಿನ ಪಕ್ಕದ ಮನೆಯವರು ಅವರ ಹಸು ಕರೆದು, ಅವರ ಹೆಸರಿಗೇ ಹಾಲು ಹಾಕುತ್ತಾರೆ. ಯಾಕೆ ಹೋಗುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ.